ಲವಂಗದೆಣ್ಣೆ ನೋವು ತಗ್ಗಿಸುತ್ತದೆ, ತೂತು ಮುಚ್ಚುವುದಿಲ್ಲ

ಕಳೆದ ಚಳಿಗಾಲದಲ್ಲಿ ತಲಕಾಡಿನ ಹತ್ತಿರದ ಹಳ್ಳಿಯೊಂದರಿಂದ ಒಬ್ಬ ಅಜ್ಜಿ ತಮ್ಮ ಮೊಮ್ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗಿಗೆ ಒಂಬತ್ತು ವರ್ಷ. ಎಡಗೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ಕುಳಿತಿದ್ದಳು. "ಹಕೀಮ್ ಸಾಬ್, ಮೂರು ರಾತ್ರಿಯಿಂದ ಮಗು ನಿದ್ದೆ ಮಾಡಿಲ್ಲ. ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ಇಟ್ಟೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ್ದೂ ಆಯಿತು. ಹೇಗೂ ಹಾಲುಹಲ್ಲು, ಬಿದ್ದುಹೋಗುವಂಥದ್ದು. ಅಲ್ಲಿಯವರೆಗೆ ನೋವು ನಿಲ್ಲುವ ಹಾಗೆ ಏನಾದರೂ ಪುಡಿ ಕೊಡಿ" ಎಂದರು.

ಟಾರ್ಚ್ ಹಿಡಿದು ನೋಡಿದೆ. ಕೆಳದವಡೆಯಲ್ಲಿ ಸಾಲಿನ ಕೊನೆಯ ಹಲ್ಲು. ನಡುವೆ ಕಪ್ಪನೆಯ ಗುಂಡಿ, ಅದರೊಳಗೆ ತಿಂದ ಅನ್ನದ ಅಗುಳು. ಅದು ಹಾಲುಹಲ್ಲಲ್ಲ. ಮಕ್ಕಳಿಗೆ ಸುಮಾರು ಆರು ವರ್ಷವಾದಾಗ, ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲು. ಜೀವಮಾನವಿಡೀ ಊಟ ಅಗಿಯಬೇಕಾದ ಹಲ್ಲು. ಅದು ಹೋದರೆ ಅದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಇದನ್ನು ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ನೋವಿಗೆ ತಾತ್ಕಾಲಿಕ ಔಷಧ ಕೊಟ್ಟು ಮರುದಿನವೇ ಮೈಸೂರಿಗೆ ಕಳುಹಿಸಿದೆ. ಹಲ್ಲು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಬರಿಯ ಫಿಲ್ಲಿಂಗ್‌ನಿಂದ ಅಲ್ಲ. ಬೇರಿನ ಚಿಕಿತ್ಸೆ, ಅದರ ಮೇಲೊಂದು ಕ್ಯಾಪ್, ನಾಲ್ಕು ಸಲ ಬಸ್ಸಿನ ಓಡಾಟ, ಅಪ್ಪನ ನಾಲ್ಕು ದಿನದ ಕೂಲಿ, ಸಾವಿರಗಟ್ಟಲೆ ಖರ್ಚು. ಒಂದೆರಡು ವರ್ಷ ಮೊದಲೇ ಬಂದಿದ್ದರೆ ಅರ್ಧ ಗಂಟೆಯಲ್ಲಿ, ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸ.

ನಾನು ಯುನಾನಿ ವೈದ್ಯ. ಹಲ್ಲು ತುಂಬುವುದು ನನ್ನ ಕೆಲಸವಲ್ಲ. 1948ರ ದಂತವೈದ್ಯರ ಕಾಯ್ದೆಯ ಪ್ರಕಾರ ನೋಂದಾಯಿತ ದಂತವೈದ್ಯರೇ ಅದನ್ನು ಮಾಡಬೇಕು. ಆದರೂ ಈ ವಿಷಯ ನಾನೇ ಬರೆಯಬೇಕೆನಿಸಿತು. ಏಕೆಂದರೆ ನಮ್ಮ ಮನೆಗಳಲ್ಲಿ ಹಲ್ಲುನೋವು ಬಂದರೆ ಮೊದಲು ಬರುವುದು ನನ್ನಂಥವರ ಬಳಿಗೆ. ನಾವು ಕೊಡುವ ಎಣ್ಣೆ, ಪುಡಿಗಳಿಂದ ನೋವು ತಗ್ಗುತ್ತದೆ. ತಗ್ಗಿದ್ದೇ ನೆಪವಾಗಿ ತೂತು ದೊಡ್ಡದಾಗುತ್ತಾ ಹೋಗುತ್ತದೆ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಪದವಿ ಮುಗಿಸಿ ಊರಿಗೆ ಬಂದ ಹೊಸತು. ನನ್ನ ಮಾಮೂ ಒಬ್ಬರಿಗೆ ಹುಳುಕು ಹಲ್ಲು. ಅಕರಕರ, ಮಾಚಿಕಾಯಿ, ಪಟಿಕ ಸೇರಿಸಿ ಸನೂನ್ ಮಾಡಿಕೊಟ್ಟೆ, ಜೊತೆಗೆ ಲವಂಗದೆಣ್ಣೆ. ಕೆಲವು ವಾರ ನೋವು ಬರುತ್ತಾ ಹೋಗುತ್ತಾ ಇತ್ತು. ಒಂದು ದಿನ ಪೂರ್ತಿ ನಿಂತೇಹೋಯಿತು. ಮಾಮೂ ಊರೆಲ್ಲ ನನ್ನ ಕೈಗುಣ ಹೊಗಳಿದರು, ನಾನೂ ನಂಬಿದೆ. ಎಂಟು ತಿಂಗಳ ಮೇಲೆ ದವಡೆ ಊದಿ, ಬಾಯಿ ತೆರೆಯಲಾಗದೆ ಆಸ್ಪತ್ರೆ ಸೇರಿದರು. ಹಲ್ಲು ಕಿತ್ತೇ ಹಾಕಬೇಕಾಯಿತು. ಅಂದು ನೋವು ನಿಂತದ್ದು ರೋಗ ವಾಸಿಯಾಗಿ ಅಲ್ಲ, ಹಲ್ಲಿನೊಳಗಿನ ನರ ಸತ್ತು. ನೋವು ಹೇಳುವವನೇ ಇಲ್ಲವಾದ ಮೇಲೆ ಕೀವು ಬೇರಿನ ತುದಿಯಲ್ಲಿ ಮೌನವಾಗಿ ಸೇರುತ್ತಿತ್ತು. ಹುಳುಕು ಹಲ್ಲಿನ ನೋವು ಫಿಲ್ಲಿಂಗ್ ಇಲ್ಲದೆ ತಾನಾಗಿ ನಿಂತರೆ ಖುಷಿಪಡಬೇಡಿ, ಗಾಬರಿಪಡಿ.

ಹುಳವೇ ಇಲ್ಲದ ಹುಳುಕು

ಕನ್ನಡದಲ್ಲಿ ಹುಳುಕು ಎನ್ನುತ್ತೇವೆ, ಉರ್ದುವಿನಲ್ಲಿ ದಾಂತ್ ಕಾ ಕೀಡಾ. ಹಲ್ಲಿನಲ್ಲಿ ಹುಳವಿದೆ ಎಂಬುದು ಬಹಳ ಹಳೆಯ ನಂಬಿಕೆ. ನಮ್ಮ ಇಬ್ನ್ ಸೀನಾ ಅವರ ಅಲ್‌ಕಾನೂನ್‌ನಲ್ಲೂ ಹಲ್ಲಿನ ಹುಳಕ್ಕೆ ಖುರಾಸಾನಿ ಓಮದ ಬೀಜದ ಹೊಗೆ ಹಿಡಿಸುವ ಚಿಕಿತ್ಸೆಯಿದೆ. ಅವರ ಕಾಲಕ್ಕೆ ಅಷ್ಟು ತಿಳಿದಿತ್ತು. ಇಂದಿಗೂ ಸಂತೆ, ಜಾತ್ರೆಗಳಲ್ಲಿ ಕಿವಿಗೋ ಬಾಯಿಗೋ ಹೊಗೆ ಹಿಡಿಸಿ, ನೀರಿನ ಬಟ್ಟಲಲ್ಲಿ ಬಿಳಿ ಹುಳ ತೋರಿಸಿ ದುಡ್ಡು ಕೇಳುವವರು ಸಿಗುತ್ತಾರೆ. ಆ ಬಿಳಿಯ ಎಳೆಗಳು ಬಿಸಿಗೆ ಒಡೆದ ಬೀಜದ ಮೊಳಕೆ. 13ನೇ ಶತಮಾನದಲ್ಲೇ ಡಮಾಸ್ಕಸ್‌ನ ಅಲ್‌ಜವ್ಬರಿ ಎಂಬವರು ವಂಚಕರ ಕಸುಬುಗಳನ್ನೆಲ್ಲ ಬಯಲಿಗೆಳೆದು ಬರೆದ ಪುಸ್ತಕದಲ್ಲಿ ಹಲ್ಲಿನ ಹುಳ ತೆಗೆಯುವವರಿಗೂ ಜಾಗ ಕೊಟ್ಟಿದ್ದಾರೆ. ಅಷ್ಟು ಹಳೆಯ ಮೋಸ!

ನಿಜವಾಗಿ ನಡೆಯುವುದು ಬೇರೆ. ನಮ್ಮೆಲ್ಲರ ಬಾಯಲ್ಲಿ ಬ್ಯಾಕ್ಟೀರಿಯಾಗಳಿವೆ. ಹಲ್ಲಿನ ಮೇಲೆ ಬೆಳಿಗ್ಗೆ ನಾಲಗೆಗೆ ತಾಗುವ ಜಿಗುಟು ಪದರದಲ್ಲಿ ಅವು ವಾಸ ಮಾಡುತ್ತವೆ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಎನಾಮೆಲ್ ಎಂಬ ಹಲ್ಲಿನ ಹೊರಕವಚ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದ ಸುಮಾರು 96 ಭಾಗ ಖನಿಜ. ಆದರೂ ಆಮ್ಲಕ್ಕೆ ಕರಗುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಕರಗುವಿಕೆ ಆರಂಭ. ಜೊಲ್ಲು ಆ ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಮತ್ತೆ ಹಲ್ಲಿಗೆ ಕೊಡಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ. ಈದ್ ದಿನ ಒಂದು ದೊಡ್ಡ ಬಟ್ಟಲು ಶೀರ್ ಖುರ್ಮಾ ಕುಡಿದು ಬಾಯಿ ತೊಳೆದವನಿಗಿಂತ, ದಿನವಿಡೀ ಗಂಟೆಗೊಂದು ಚಹಾ, ನಡುವೆ ಬಿಸ್ಕತ್ತು ಎನ್ನುವವನ ಹಲ್ಲು ಬೇಗ ಕೆಡುತ್ತದೆ.

ನಮ್ಮದು ಕಬ್ಬಿನ ಸೀಮೆ. ಮಾಧವಮಂತ್ರಿ ನಾಲೆಯ ನೀರುಂಡ ಗದ್ದೆಗಳ ನಡುವೆ ಬೆಳೆದ ಮಕ್ಕಳಿಗೆ ಕಬ್ಬು ಜಗಿಯಬೇಡ ಎನ್ನಲು ನನಗೂ ಮನಸ್ಸಿಲ್ಲ. ಕಬ್ಬು ಜಗಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಅರ್ಧ ಕೆಲಸ ಆಯಿತು. ಹೆಚ್ಚು ಕೆಡುಕು ಮಾಡುವುದು ಹಲ್ಲಿನ ಸಂದಿಗೆ ಅಂಟಿಕೊಳ್ಳುವ ಚಾಕೊಲೇಟು, ಬೆಲ್ಲದ ಚಿಕ್ಕಿ, ಬನ್ನು, ಪೊಟ್ಟಣದ ಕುರುಕಲು ತಿಂಡಿ. ಅದಕ್ಕಿಂತಲೂ ಕೆಟ್ಟದ್ದು, ರಾತ್ರಿ ಬಾಯಲ್ಲಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಇಟ್ಟೇ ಮಗುವನ್ನು ಮಲಗಿಸುವುದು. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಮೂರು ವರ್ಷದ ಮಗುವಿನ ನಾಲ್ಕು ಮುಂಬಲ್ಲೂ ಕಂದು ಬಣ್ಣದ ಚೂರುಗಳಾಗಿ ಉಳಿದಿರುವುದನ್ನು ನಾನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ.

ರಮಝಾನಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಹರಿಗೆ ಖರ್ಜೂರ, ಸಿಹಿ ಚಹಾ, ಪರಾಟ ತಿಂದು, ಫಜ್ರ್ ನಮಾಝ್ ಮುಗಿಸಿ, ಹಲ್ಲುಜ್ಜದೆ ಮಲಗುವುದು. ಹಗಲಿಡೀ ನೀರಿಲ್ಲದೆ ಬಾಯಿ ಒಣಗಿರುತ್ತದೆ. ಹಲ್ಲಿಗೆ ಇದಕ್ಕಿಂತ ಕಷ್ಟದ ಹೊತ್ತಿಲ್ಲ. ಸಹರಿಯ ಸಮಯ ಮುಗಿಯಲು ಐದು ನಿಮಿಷ ಇರುವಾಗಲೇ ಎದ್ದು ಪೇಸ್ಟ್ ಹಾಕಿ ಹಲ್ಲುಜ್ಜಿ. ಹಗಲಿನಲ್ಲಿ ಮಿಸ್ವಾಕ್ ಇದ್ದೇ ಇದೆ.

ಹಲ್ಲುಪುಡಿಯ ವಿಷಯ

ನಮ್ಮ ಜಿಲ್ಲೆಯವರ ಮುಂದೆ ಹಲ್ಲುಪುಡಿಯ ಬಗ್ಗೆ ಮಾತಾಡುವುದು ಸ್ವಲ್ಪ ಸೂಕ್ಷ್ಮ. 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಯಿಂದ ಹಲ್ಲುಜ್ಜಿ ದೊಡ್ಡವರಾದ ತಲೆಮಾರುಗಳೇ ಇಲ್ಲಿವೆ, ನನ್ನ ದಾದಿಯೂ ಅವರಲ್ಲೊಬ್ಬರು. ನಾನೂ ಸನೂನ್ ಕೊಡುತ್ತೇನೆ, ವಸಡು ಸಡಿಲವಾಗಿ ರಕ್ತ ಬರುವವರಿಗೆ ಅದರಿಂದ ಉಪಯೋಗವಿದೆ. ಆದರೆ ನನ್ನದಾಗಲಿ ಇನ್ನೊಬ್ಬರದಾಗಲಿ, ಯಾವ ಪುಡಿಯೂ ಒಮ್ಮೆ ಬಿದ್ದ ಗುಂಡಿಯನ್ನು ತುಂಬುವುದಿಲ್ಲ. ಚರ್ಮಕ್ಕೆ ಗಾಯವಾದರೆ ಹೊಸ ಚರ್ಮ ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಎನಾಮೆಲ್‌ಗೆ ಆ ಶಕ್ತಿಯಿಲ್ಲ; ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವಾಗಲೇ ಮುಗಿದುಹೋಗಿರುತ್ತವೆ. ಬರೀ ಬಿಳಿಯ ಮಚ್ಚೆಯ ಹಂತದಲ್ಲಿದ್ದರೆ ಫ್ಲೋರೈಡ್ ಪೇಸ್ಟ್ ಮತ್ತು ಶುಚಿತ್ವದಿಂದ ಅದು ಮತ್ತೆ ಗಟ್ಟಿಯಾಗಬಹುದು. ಮೇಲ್ಮೈ ಒಡೆದು ತೂತಾದ ಮೇಲೆ ಹೊರಗಿನಿಂದಲೇ ಮುಚ್ಚಬೇಕು.

ಇದ್ದಿಲು, ಇಟ್ಟಿಗೆಪುಡಿ, ನುಣ್ಣನೆಯ ಮರಳು ಇವುಗಳಲ್ಲಿ ಉಜ್ಜುವ ಹಿರಿಯರು ಇನ್ನೂ ಇದ್ದಾರೆ. ತಲಕಾಡಿನಲ್ಲಿ ಮರಳಿಗೇನು ಬರ! ಆದರೆ ಅದು ಪಾತ್ರೆ ಬೆಳಗಲು ಸರಿ, ಹಲ್ಲಿಗಲ್ಲ. ಎನಾಮೆಲ್ ಸವೆದು ಹಲ್ಲು ಹಳದಿಯಾಗಿ ಜುಮ್ಮೆನ್ನುತ್ತದೆ. ಹೊಗೆಸೊಪ್ಪು ಬೆರೆತ ಪುಡಿಗಳನ್ನು, ಗುಲ್ ಎಂದು ಕರೆಯುವುದನ್ನು, ಮನೆಯೊಳಗೇ ತರಬೇಡಿ. ಅದರಿಂದ ನೋವು ಮರಗಟ್ಟಿದಂತಾಗುವುದು ನಿಜ. ಬಾಯಿ ಕ್ಯಾನ್ಸರಿಗೆ ದಾರಿಯಾಗುವುದೂ ನಿಜ.

ಮಿಸ್ವಾಕ್ ಬಗ್ಗೆ ನನ್ನನ್ನು ಕೇಳುವವರು ಬಹಳ. ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಪ್ರವಾದಿವರ್ಯರು(ಸ) ಎಷ್ಟು ಪ್ರೋತ್ಸಾಹಿಸಿದ್ದರು ಎಂಬುದು ನಿಮಗೆ ಗೊತ್ತೇ ಇದೆ. ಪೀಲು ಮರದ ಬೇರಿನ ಮಿಸ್ವಾಕ್ ಹಲ್ಲಿನ ಪದರವನ್ನು ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಹಿಂದಿನ ದವಡೆಹಲ್ಲಿನ ಒಳಬದಿಗೆ, ಎರಡು ಹಲ್ಲಿನ ಸಂದಿಗೆ ಅದು ತಲುಪುವುದು ಕಷ್ಟ. ಹುಳುಕು ಹಿಡಿಯುವುದು ಅಲ್ಲೇ. ಹಗಲು ಮಿಸ್ವಾಕ್ ಮಾಡಿ, ರಾತ್ರಿ ಮಲಗುವ ಮೊದಲು ಫ್ಲೋರೈಡ್ ಪೇಸ್ಟ್ ಮತ್ತು ಬ್ರಷ್ ಬಳಸಿ. ಸುನ್ನತ್ತಿನ ಉದ್ದೇಶ ಬಾಯಿಯ ಶುಚಿತ್ವ. ಬ್ರಷ್ ಅದಕ್ಕೆ ವಿರುದ್ಧವಲ್ಲ.

ಗುಸ್ಲ್ ಮತ್ತು ಉಪವಾಸದ ಪ್ರಶ್ನೆ

ಫಿಲ್ಲಿಂಗ್ ಮಾಡಿಸಿಕೊಳ್ಳಿ ಎಂದಾಗ ಹಿರಿಯರು ಮೆಲ್ಲಗೆ ಕೇಳುವ ಪ್ರಶ್ನೆಯಿದು: "ಹಲ್ಲಿಗೆ ಸಿಮೆಂಟ್ ಹಾಕಿಸಿದರೆ ಅದರ ಕೆಳಗೆ ನೀರು ಹೋಗುವುದಿಲ್ಲವಲ್ಲ, ಗುಸ್ಲ್ ಆಗುತ್ತದೆಯೇ?" ಇದೊಂದೇ ಕಾರಣಕ್ಕೆ ಹತ್ತು ವರ್ಷ ಹುಳುಕು ಹಲ್ಲಿನ ನೋವು ತಿಂದವರನ್ನು ನಾನು ಬಲ್ಲೆ. ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ.

ನಾನು ಮುಫ್ತಿಯಲ್ಲ. ಆದರೆ ಉಲಮಾಗಳು ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮೈಸೂರು ಕಡೆ ನಮ್ಮಲ್ಲಿ ಹೆಚ್ಚಿನವರು ಹನಫಿಗಳು. ಹನಫಿ ಮದ್‌ಹಬಿನಲ್ಲಿ ಕಡ್ಡಾಯ ಸ್ನಾನದಲ್ಲಿ ಬಾಯಿ ಮುಕ್ಕಳಿಸುವುದು ಫರ್ಝ್, ಹಾಗಾಗಿ ಈ ಭಯ. ಕರಾವಳಿಯ ಶಾಫಿ ಬಂಧುಗಳಿಗೆ ಅದು ಸುನ್ನತ್, ಅವರಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಚಿಕಿತ್ಸೆಗಾಗಿ ಹಲ್ಲಿಗೆ ಭದ್ರವಾಗಿ ಕೂಡಿಸಿದ, ಕಿತ್ತರೆ ಹಲ್ಲಿಗೇ ಹಾನಿಯಾಗುವಂಥ ಫಿಲ್ಲಿಂಗ್ ಅಥವಾ ಕ್ಯಾಪ್ ಹಲ್ಲಿನ ಭಾಗವೆಂದೇ ಪರಿಗಣಿತ. ಅದರ ಮೇಲೆ ನೀರು ಹರಿದರೆ ಸಾಕು, ವುಝೂ, ಗುಸ್ಲ್ ಎರಡೂ ಸಿಂಧು. ತೆಗೆದು ಹಾಕಬಹುದಾದ ಹಲ್ಲಿನ ಸೆಟ್ಟು ಇದ್ದರೆ ಮಾತ್ರ ಗುಸ್ಲ್ ವೇಳೆ ತೆಗೆದು ಮುಕ್ಕಳಿಸಬೇಕು. ಮನಸ್ಸು ಒಪ್ಪದಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ. ಕೇಳದೆ ನೋವು ಸಹಿಸಬೇಡಿ.

ಚಿನ್ನದ ವಿಷಯವೂ ಬರುತ್ತದೆ, ಗಂಡಸರಿಗೆ ಚಿನ್ನ ನಿಷಿದ್ಧವಲ್ಲ ಎಂದು ಯಾರಾದರೂ ಹೇಳಬಲ್ಲರೇ ಎಂದು. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಎಂಬ ಸಹಾಬಿ ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ವಾಸನೆ ಬರತೊಡಗಿದಾಗ ಪ್ರವಾದಿವರ್ಯರು(ಸ) ಚಿನ್ನದ್ದನ್ನು ಹಾಕಿಸಿಕೊಳ್ಳಲು ಹೇಳಿದರು ಎಂದು ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಬಂದಿದೆ. ಚಿಕಿತ್ಸೆಯ ಅಗತ್ಯಕ್ಕೆ ಹಲ್ಲಿಗೆ ಚಿನ್ನ ಬಳಸಬಹುದೆಂದು ವಿದ್ವಾಂಸರು ಹೇಳಲು ಇದೇ ಆಧಾರ. ಈಗಂತೂ ಹಲ್ಲಿನ ಬಣ್ಣದ ವಸ್ತುವೇ ಇರುವಾಗ ಚಿನ್ನದ ಮಾತೇ ಅಪರೂಪ.

ಉಪವಾಸದಲ್ಲಿ ಫಿಲ್ಲಿಂಗ್? 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ಗಂಟಲಿಗೆ ಏನೂ ಇಳಿಯದಂತೆ ನೋಡಿಕೊಂಡರೆ ಹಲ್ಲು ಕೊರೆಯುವುದು, ಕೀಳುವುದು, ಶುಚಿ ಮಾಡುವುದು ಇವುಗಳಿಂದ ಉಪವಾಸ ಮುರಿಯುವುದಿಲ್ಲ ಎಂದು ನಿರ್ಣಯಿಸಿದೆ. ಆದರೆ ಹಲ್ಲು ಕೊರೆಯುವ ಯಂತ್ರದಿಂದ ನೀರು ಚಿಮ್ಮುತ್ತಲೇ ಇರುತ್ತದೆ, ಸ್ವಲ್ಪವೂ ನುಂಗದೆ ಇರುವುದು ಸುಲಭವಲ್ಲ. ತಡೆಯಬಹುದಾದ ಕೆಲಸವಾದರೆ ಇಫ್ತಾರಿನ ನಂತರದ ಹೊತ್ತು ಕೇಳಿ. ಸಂಜೆ ತೆರೆದಿರುವ ಕ್ಲಿನಿಕ್‌ಗಳು ಎಲ್ಲ ಪಟ್ಟಣಗಳಲ್ಲೂ ಇವೆ. ಇನ್ನೂ ಒಳ್ಳೆಯದೆಂದರೆ ಶಾಬಾನಿನಲ್ಲೇ ಮುಗಿಸಿಕೊಳ್ಳುವುದು. ಆದರೆ ತೀವ್ರ ನೋವು, ಊತ ಇದ್ದಾಗ ಈದ್ ಬರಲಿ ಎಂದು ಕಾಯಬೇಡಿ.

ಕುರ್ಚಿಯಲ್ಲಿ ಏನಾಗುತ್ತದೆ

ಹಲವರು ದಂತವೈದ್ಯರ ಬಳಿ ಹೋಗದಿರಲು ಕಾರಣ ಭಯ. ಏನು ನಡೆಯುತ್ತದೆಂದು ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ.

ಮೊದಲು ಪುಟ್ಟ ಕನ್ನಡಿ ಹಿಡಿದು ನೋಡುತ್ತಾರೆ, ಬೇಕಿದ್ದರೆ ಎಕ್ಸ್‌ರೇ ತೆಗೆಯುತ್ತಾರೆ. ಎರಡು ಹಲ್ಲಿನ ಸಂದಿಯಲ್ಲಿ ಬಿದ್ದ ಹುಳುಕು ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಹುಳುಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಎಲ್ಲ ನಿರ್ಧಾರ. ಎನಾಮೆಲ್ ಕೆಳಗೆ ಡೆಂಟಿನ್ ಎಂಬ ಮೆತ್ತನೆಯ ಪದರವಿದೆ, ಅದರೊಳಗೆ ನರ, ರಕ್ತನಾಳಗಳಿರುವ ತಿರುಳು. ಹುಳುಕು ಎನಾಮೆಲ್‌ನಲ್ಲಿರುವಾಗ ನೋವೇ ಇರುವುದಿಲ್ಲ. ಡೆಂಟಿನ್ ತಲುಪಿದಾಗ ತಣ್ಣೀರು, ಸಿಹಿ ತಾಗಿದರೆ ಚುರುಕ್ಕೆಂದು ಕೂಡಲೇ ಹೋಗುತ್ತದೆ. ಫಿಲ್ಲಿಂಗ್‌ಗೆ ಇದು ತಕ್ಕ ಸಮಯ. ಬಿಸಿ ಚಹಾ ತಾಗಿ ನೋವು ಬಹಳ ಹೊತ್ತು ಉಳಿದರೆ, ರಾತ್ರಿ ಮಲಗಿದಾಗ ಮಿಡಿದು ಎಬ್ಬಿಸಿದರೆ, ತಿರುಳಿಗೆ ತಲುಪಿದೆ ಎಂದೇ ಲೆಕ್ಕ. ಆಮೇಲೆ ಉಳಿಯುವುದು ಬೇರಿನ ಚಿಕಿತ್ಸೆ, ಇಲ್ಲವೇ ಕೀಳುವುದು.

ಆಳ ಹೆಚ್ಚಿದ್ದರೆ ವಸಡಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಸೂಜಿ ಚುಚ್ಚಿದ ಕ್ಷಣ ನೋವು, ಆಮೇಲೆ ತುಟಿ ದಪ್ಪಗಾದಂತೆ ಅನಿಸುತ್ತದೆ, ಅಷ್ಟೇ. ನಂತರ ಕೊಳೆತ ಭಾಗವನ್ನು ಕೊರೆದು ತೆಗೆಯುತ್ತಾರೆ. ಯಂತ್ರದ ಸದ್ದೇ ಮಕ್ಕಳನ್ನು ಹೆದರಿಸುವುದು. ಮೊದಲೇ ಹೇಳಿಟ್ಟರೆ ಅವರು ನಮಗಿಂತ ಧೈರ್ಯವಾಗಿ ಕೂರುತ್ತಾರೆ. "ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ" ಎಂದು ಮಕ್ಕಳನ್ನು ಬೆದರಿಸುವ ಅಮ್ಮಂದಿರು ದಯವಿಟ್ಟು ಆ ಅಭ್ಯಾಸ ಬಿಡಿ.

ತುಂಬುವ ವಸ್ತುವಿನಲ್ಲಿ ಮೂರು ಬಗೆ ಸಾಮಾನ್ಯ. ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ಅಗ್ಗ, ಹಲ್ಲಿಗೆ ತಾನೇ ಅಂಟುತ್ತದೆ, ಸ್ವಲ್ಪಸ್ವಲ್ಪ ಫ್ಲೋರೈಡ್ ಬಿಡುತ್ತಿರುತ್ತದೆ. ಮಕ್ಕಳ ಹಾಲುಹಲ್ಲಿಗೆ ಒಳ್ಳೆಯದು, ಆದರೆ ಗಟ್ಟಿ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಅನ್ನು ಪದರ ಪದರವಾಗಿ ಇಟ್ಟು ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಬೆಲೆ ಹೆಚ್ಚು, ಚೆನ್ನಾಗಿ ನೋಡಿಕೊಂಡರೆ ಹಲವು ವರ್ಷ ಬಾಳುತ್ತದೆ. ಮೂರನೆಯದು ಬೆಳ್ಳಿಯ ಬಣ್ಣದ ಅಮಾಲ್ಗಂ. ಅದರಲ್ಲಿ ಸುಮಾರು ಅರ್ಧದಷ್ಟು ಪಾದರಸ. ಬೆಳ್ಳಿ, ತವರ, ತಾಮ್ರದೊಡನೆ ಬೆರೆತು ಗಟ್ಟಿಯಾಗಿರುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಗಟ್ಟಿಮುಟ್ಟಾದ ವಸ್ತು. ಆದರೆ ಪಾದರಸದ ಕುರಿತ ಮಿನಾಮಾಟಾ ಒಪ್ಪಂದದ ದೇಶಗಳು, ಭಾರತವೂ ಅದರಲ್ಲಿದೆ, ದಂತವೈದ್ಯರು ಅಗತ್ಯವೆಂದು ಭಾವಿಸಿದ ಸಂದರ್ಭ ಬಿಟ್ಟರೆ 15 ವರ್ಷದೊಳಗಿನವರಿಗೆ, ಗರ್ಭಿಣಿ ಮತ್ತು ಹಾಲೂಡಿಸುವ ತಾಯಂದಿರಿಗೆ ಇದನ್ನು ಬಳಸದಂತೆ 2022ರಲ್ಲಿ ತೀರ್ಮಾನಿಸಿವೆ. ನಿಮ್ಮ ಬಾಯಲ್ಲಿ ಹಳೆಯ ಅಮಾಲ್ಗಂ ಗಟ್ಟಿಯಾಗಿದ್ದರೆ ಸುಮ್ಮನೆ ಕಿತ್ತುಹಾಕಿಸಬೇಡಿ, ಕೀಳುವಾಗಲೇ ಪಾದರಸದ ಆವಿ ಹೆಚ್ಚು ಏಳುವುದು. (ಪಾದರಸದ ಕುಶ್ತಾ ತಯಾರಿಸುವ ಪರಂಪರೆಯ ನಾವು ಈ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಮೊದಲು ಸ್ವಲ್ಪ ಯೋಚಿಸಬೇಕು, ಅದು ಬೇರೆ ಮಾತು.)

ನಮ್ಮ ಲವಂಗವೂ ದಂತವೈದ್ಯರ ಮೇಜಿನ ಮೇಲಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಲವಂಗದೆಣ್ಣೆಯ ಯೂಜಿನಾಲ್ ಎಂಬ ಸತ್ವವನ್ನು ಜಿಂಕ್ ಆಕ್ಸೈಡ್ ಪುಡಿಯೊಡನೆ ಕಲಸಿ ತಾತ್ಕಾಲಿಕ ಫಿಲ್ಲಿಂಗ್ ಮಾಡುತ್ತಾರೆ. ಕ್ಲಿನಿಕ್‌ನಲ್ಲಿ ಮೂಗಿಗೆ ಬಡಿಯುವ ಲವಂಗದ ವಾಸನೆ ಅದರದ್ದೇ. ಅಲ್‌ರಾಝಿ ಅವರ ಕಾಲದಲ್ಲಿ ಹುಳುಕಿನ ತೂತಿಗೆ ಮಸ್ತಗಿ ಮತ್ತು ಪಟಿಕ ಸೇರಿಸಿ ತುಂಬುತ್ತಿದ್ದರು. ತೂತು ತುಂಬಬೇಕೆಂಬ ಬುದ್ಧಿ ಸಾವಿರ ವರ್ಷದ ಹಿಂದೆಯೇ ನಮ್ಮ ಹಕೀಮರಿಗಿತ್ತು. ಕೊರೆಯುವ ಯಂತ್ರ, ಅಂಟುವ ವಸ್ತು ಇರಲಿಲ್ಲ, ಅಷ್ಟೇ. ಕೊರ್ದೊವಾದ ಅಲ್‌ಝಹ್ರಾವಿ ಅಂತೂ ಹಲ್ಲು ಕೀಳಲು ಆತುರಪಡಬೇಡಿ, ಮೊದಲು ಉಳಿಸಲು ನೋಡಿ ಎಂದು ಎಚ್ಚರಿಸಿ, ತಪ್ಪಾಗಿ ಒಳ್ಳೆಯ ಹಲ್ಲನ್ನೇ ಕೀಳುವ ಕ್ಷೌರಿಕರನ್ನು ಬೈದಿದ್ದಾರೆ. ಯುನಾನಿಯ ಮೇಲೆ ಅಭಿಮಾನವಿರುವವರು ಫಿಲ್ಲಿಂಗ್ ಬೇಡವೆಂದರೆ ಅವರಿಗೇ ಬೇಸರವಾಗುತ್ತಿತ್ತು.

ಮನೆಯಲ್ಲಿ ಲವಂಗದೆಣ್ಣೆ ಬಳಸುವುದಾದರೆ ಎರಡು ಮಾತು. ಶುದ್ಧ ಎಣ್ಣೆ ವಸಡನ್ನು, ನಾಲಗೆಯನ್ನು ಸುಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ, ಒಂದು ಹನಿ ಹತ್ತಿಗೆ ಹಾಕಿ ಹಲ್ಲಿನ ಗುಂಡಿಗೆ ಮಾತ್ರ ಇಡಿ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಇನ್ನು, ಯೂಜಿನಾಲ್ ಇರುವ ಹಲ್ಲಿಗೆ ಕಾಂಪೊಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಎಣ್ಣೆ ಇಟ್ಟಿದ್ದರೆ ದಂತವೈದ್ಯರಿಗೆ ಹೇಳಿ. ನೋವಿನ ಮಾತ್ರೆಯನ್ನು ವಸಡಿನ ಸಂದಿಗೆ ಇಡುವ ಕೆಟ್ಟ ಅಭ್ಯಾಸವೂ ಇದೆ, ಅದರಿಂದ ವಸಡು ಬಿಳಿಯಾಗಿ ಸುಟ್ಟುಹೋಗುತ್ತದೆ.

ಮಕ್ಕಳು, ಗರ್ಭಿಣಿಯರು, ಹೆಣ್ಣುಮಕ್ಕಳು

ಹಾಲುಹಲ್ಲಿಗೂ ಫಿಲ್ಲಿಂಗ್ ಬೇಕೇ? ಬೇಕು. ಹಾಲಿನ ದವಡೆಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಇರುತ್ತವೆ. ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲು ವಾಲಿ, ಕೆಳಗಿನಿಂದ ಬರುವ ಹಲ್ಲಿಗೆ ಜಾಗವೇ ಇಲ್ಲದೆ ಅಡ್ಡಾದಿಡ್ಡಿ ಹುಟ್ಟುತ್ತದೆ. ನಿಮ್ಮ ಮಗುವಿಗೆ ಆರೇಳು ವರ್ಷವಾಗಿದ್ದರೆ ಈ ಪುಟ ಓದಿದ ಮೇಲೆ ಒಮ್ಮೆ ಬಾಯಿ ತೆರೆಸಿ ನೋಡಿ. ಎಲ್ಲಕ್ಕಿಂತ ಹಿಂದೆ ಹೊಸ ದೊಡ್ಡ ಹಲ್ಲು ಕಂಡರೆ, ಅದರ ಆಳವಾದ ಗೀರುಗಳನ್ನು ಹುಳುಕು ಹಿಡಿಯುವ ಮೊದಲೇ ಸೀಲೆಂಟ್ ಎಂಬ ತೆಳುಪದರದಿಂದ ಮುಚ್ಚಿಸಬಹುದು.

ಗರ್ಭಿಣಿಗೆ ಹಲ್ಲಿನ ಚಿಕಿತ್ಸೆ ಕೂಡದು ಎಂಬುದು ತಪ್ಪು ತಿಳಿವಳಿಕೆ. ನಾಲ್ಕರಿಂದ ಆರನೆಯ ತಿಂಗಳು ಫಿಲ್ಲಿಂಗ್‌ಗೆ ಅನುಕೂಲ. ವಾಂತಿ ಹೆಚ್ಚಾಗುವ ಮೊದಲ ತಿಂಗಳುಗಳಲ್ಲಿ ವಾಂತಿಯಾದ ಕೂಡಲೇ ಉಜ್ಜದೆ, ಬರೀ ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಗಂಡು ವೈದ್ಯರೆಂದು ಹಿಂಜರಿಯುವ ಹೆಣ್ಣುಮಕ್ಕಳಿಗೆ ಒಂದು ಮಾತು: ದಂತವೈದ್ಯೆಯರು ಈಗ ಬೇಕಾದಷ್ಟಿದ್ದಾರೆ, ಕೇಳಿದರೆ ಸಿಗುತ್ತಾರೆ. ಮನೆಯ ಗಂಡಸರು ಜೊತೆಗೆ ಹೋಗಲು ಅರ್ಧ ದಿನ ಬಿಡುವು ಮಾಡಿಕೊಳ್ಳಬೇಕು. ನಾನು ನೋಡಿದಂತೆ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಹಲ್ಲು ತೋರಿಸುವುದು ತಾಯಿಯೇ.

ಎಲ್ಲಿಗೆ ಹೋಗುವುದು

ತಲಕಾಡಿನವರಿಗೆ ಹತ್ತಿರದ ಪಟ್ಟಣ ತಿ. ನರಸೀಪುರ. ಅಲ್ಲಿನ ತಾಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಯಾವ ದಿನ ಸಿಗುತ್ತಾರೆಂದು ಮೊದಲು ವಿಚಾರಿಸಿ. ಮೈಸೂರು ಇಲ್ಲಿಂದ ಸುಮಾರು 45 ಕಿಲೋಮೀಟರ್. ಅಲ್ಲಿ ನಮ್ಮವರೇ ನಡೆಸುವ ಫಾರೂಕಿಯಾ ದಂತ ವೈದ್ಯಕೀಯ ಕಾಲೇಜಿದೆ, ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣಳತೆಯಲ್ಲಿ ಕೆಲಸ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ. ಬೆಳಿಗ್ಗೆ ಬೇಗ ಹೋದರೆ ಚೀಟಿ ಬೇಗ ಸಿಗುತ್ತದೆ. ರಸ್ತೆಬದಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲು ಜೋಡಿಸಿಟ್ಟು ಕೂರುವವರ ಬಳಿ ಮಾತ್ರ ಬೇಡ. ಕುದಿಸದ ಉಪಕರಣದಿಂದ ಹೆಪಟೈಟಿಸ್ ಬಿ ಹರಡುತ್ತದೆ, ಅವರು ಅಂಟಿಸುವ ವಸ್ತುವಿನ ಕೆಳಗೆ ಹುಳುಕು ಹಾಗೆಯೇ ಇರುತ್ತದೆ.

ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ, ಯಾವುದೇ ಔಷಧಕ್ಕೆ ಅಲರ್ಜಿ ಇದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಯುನಾನಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಫಿಲ್ಲಿಂಗ್ ಆದ ಮೇಲೆ ಮರಗಟ್ಟಿದ ತುಟಿ ಸರಿಯಾಗುವವರೆಗೆ ಮಕ್ಕಳಿಗೆ ಏನೂ ತಿನ್ನಲು ಕೊಡಬೇಡಿ, ತುಟಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಕಾಂಪೊಸಿಟ್ ಆದರೆ ಅಂದೇ ಊಟ ಮಾಡಬಹುದು, ಗ್ಲಾಸ್ ಅಯೊನೊಮರ್ ಆದರೆ ಒಂದು ಗಂಟೆ ಏನೂ ಬೇಡ, ಅಮಾಲ್ಗಂ ಆದರೆ ಒಂದು ದಿನ ಆ ಬದಿಯಲ್ಲಿ ಅಗಿಯಬೇಡಿ. ಎರಡು ಮೂರು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಫಿಲ್ಲಿಂಗ್ ಎತ್ತರವಾಗಿದೆ. ಹೋಗಿ ಹೇಳಿದರೆ ಎರಡು ನಿಮಿಷದಲ್ಲಿ ಉಜ್ಜಿ ಸರಿಮಾಡುತ್ತಾರೆ.

ದವಡೆಯ ಕೆಳಗೆ ಊತ ಇಳಿದು, ಜ್ವರ ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನನ್ನ ಬಳಿಗೂ ಬರಬೇಡಿ, ಹಲ್ಲಿನ ಕ್ಲಿನಿಕ್‌ಗೂ ಬೇಡ. ರಾತ್ರಿಯಾದರೂ ಸರಿ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆ ಸೋಂಕು ಕತ್ತಿಗೆ ಇಳಿದರೆ ಜೀವಕ್ಕೇ ಅಪಾಯ.

ಮೊಮ್ಮಗಳಿಗೆ ಕ್ಯಾಪ್ ಹಾಕಿಸಿಕೊಂಡು ಬಂದ ಅಜ್ಜಿ ಮತ್ತೆ ಬಂದಿದ್ದರು. ಈ ಸಲ ಬಾಯಿ ತೆರೆದು ತೋರಿಸಿದ್ದು ತಮ್ಮದೇ ಹಲ್ಲನ್ನು. "ಇದಕ್ಕಾದರೂ ಪುಡಿ ಕೊಡುತ್ತೀರೋ, ನನ್ನನ್ನೂ ಮೈಸೂರಿಗೇ ಕಳಿಸುತ್ತೀರೋ?" ಎಂದರು. ತಣ್ಣೀರಿಗೆ ಚುರುಕ್ಕೆನ್ನುವಷ್ಟೇ ಇತ್ತು, ಇನ್ನೂ ತಡವಾಗಿರಲಿಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡಿ ಎಂದು ಚೀಟಿ ಬರೆದುಕೊಟ್ಟೆ.